ಗಾಳದ ಪಂದ್ಯ: ಸಿಡ್ನಿಯ ಬ್ರೀಮ್, ಆಲಮಟ್ಟಿಯ ಜಿಲೇಬಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲೆಂದು ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತಿರೋರಿಗೂ, ಹೊಲದಲ್ಲಿ ಮೋಟರ್ ಚಾಲೂ ಮಾಡಿ ಬದುವಿನ ಮೇಲೆ ಕೂತಿರೋರಿಗೂ ನಮಸ್ಕಾರ.

ಇವತ್ತು ಒಂದು ವಿಚಿತ್ರ ಪಂದ್ಯದ ಬಗ್ಗೆ ಮಾತಾಡೋಣ. ಆಟಗಾರರು ನಸುಕಿನಲ್ಲೇ ಎದ್ದು ನೀರಿಗಿಳೀತಾರೆ. ಇಡೀ ದಿನ ಬಿಸಿಲಲ್ಲಿ ಕೂತು ಮೀನು ಹಿಡೀತಾರೆ. ಕೊನೆಗೆ ತೂಕ ಮಾಡಿಸ್ತಾರೆ. ಆಮೇಲೆ ಅಷ್ಟೂ ಮೀನನ್ನ ಮತ್ತೆ ಅದೇ ನೀರಿಗೆ ಬಿಡ್ತಾರೆ. ಒಂದು ಮೀನು ಸತ್ತಿದ್ದರೆ ಒಟ್ಟು ತೂಕದಲ್ಲಿ ಕಡಿತ.

ಈ ಮಾತನ್ನ ನಿಡಗುಂದಿ ಕಡೆಯ ಹಿನ್ನೀರಿನ ದಂಡೆಯಲ್ಲಿ, ಬಲೆ ಬಿಡಿಸ್ತಾ ಕೂತಿದ್ದ ಒಬ್ಬ ಮೀನುಗಾರ ಕಾಕಾನ ಮುಂದೆ ಹೇಳಿದೆ. ಅವರು ತಲೆ ಎತ್ತಿ ನನ್ನನ್ನೇ ಒಂದು ಸಲ ನೋಡಿದರು. “ಅಲ್ಲೋ ತಮ್ಮಾ, ಬಿಡೂದೇ ಇತ್ತಂದ್ರ ಹಿಡಿಯೂದರೆ ಯಾಕ?” ಅಂದರು.

ನನಗೆ ಆ ಕ್ಷಣಕ್ಕೆ ಉತ್ತರ ಹೊಳೀಲಿಲ್ಲ. ಈ ಸಂಚಿಕೆ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಈಗ್ಯಾಕೆ ಈ ವಿಷಯ ಅಂದ್ರೆ, ನನ್ನ ಒಂದು ವಾಟ್ಸ್ಆ್ಯಪ್ ಗುಂಪು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಕಡೆಯ ಹತ್ತಾರು ಹುಡುಗರು ಅದರಲ್ಲಿದ್ದಾರೆ. ಯೂಟ್ಯೂಬ್ ನೋಡಿ ಆನ್‌ಲೈನಲ್ಲಿ ಗಾಳದ ಕೋಲು ತರಿಸಿದ್ದಾರೆ. ಒಬ್ಬನ ಹತ್ತಿರ ಗಾಳಿ ತುಂಬೋ ಕಯಾಕ್ ಕೂಡ ಇದೆ. ಹಿನ್ನೀರಿನಲ್ಲಿ ಒಂದು ಪಂದ್ಯ ಮಾಡೋಣ ಅಂತ ಅವರ ಆಸೆ. ನಾನು ಮೂರು ವರ್ಷ ಸಿಡ್ನಿಯಲ್ಲಿ ಕೆಲಸದಲ್ಲಿದ್ದಾಗ ಇಂಥ ಸಣ್ಣ ಪಂದ್ಯಗಳಲ್ಲಿ ಆಡಿದ್ದೆ. ಅದಕ್ಕೇ “ನೀವೇ ನಿಯಮ ಬರೆದು ಕೊಡ್ರಿ ಅಣ್ಣಾ” ಅಂತ ಗಂಟುಬಿದ್ದರು. ನಾನೂ ಖುಷಿಯಿಂದ ಹೂಂ ಅಂದೆ. ಆಮೇಲೆ ಒಂದು ಸಂಜೆ ನಡೆದ ಘಟನೆ ನನ್ನನ್ನ ಯೋಚನೆಗೆ ಹಚ್ಚಿತು. ಅದನ್ನ ಆಮೇಲೆ ಹೇಳ್ತೀನಿ.

ಬ್ರೀಮ್ ಅಂದ್ರೆ ಯಾವ ಮೀನು?

ಇದು ಒಂದೇ ಮೀನಿನ ಹೆಸರಲ್ಲ. ಯುರೋಪಿನ ಸಿಹಿನೀರಿನಲ್ಲಿ ಬ್ರೀಮ್ ಅಂತ ಕರೆಯೋದು ನಮ್ಮ ಗೆಂಡೆ ಮೀನಿನ ಬಳಗದ್ದು. ಆಸ್ಟ್ರೇಲಿಯಾದಲ್ಲಿ ಬ್ರೀಮ್ ಅಂದ್ರೆ ನದಿ ಸಮುದ್ರಕ್ಕೆ ಸೇರುವ ಅಳಿವೆಗಳಲ್ಲಿ ಬದುಕುವ, ಬೆಳ್ಳಿ ಬಣ್ಣದ, ಗಟ್ಟಿ ದವಡೆಯ ಮೀನು. ಅಲ್ಲಿ ಪಂದ್ಯ ನಡೆಯೋದು ಮುಖ್ಯವಾಗಿ ಹಳದಿ ರೆಕ್ಕೆಯ ಬ್ರೀಮ್ ಮತ್ತು ಕಪ್ಪು ಬ್ರೀಮ್ ಮೇಲೆ. ಇನ್ನು ಜಾಂಬಿಯಾ, ಜಿಂಬಾಬ್ವೆ ಕಡೆ ಹೋದರೆ ಅವರು ಬ್ರೀಮ್ ಅನ್ನೋದು ತಿಲಾಪಿಯಾ ಮೀನಿಗೆ. ಹೌದು, ನಮ್ಮ ಸಂತೆಯಲ್ಲಿ ಜಿಲೇಬಿ ಅಂತ ಮಾರ್ತಾರಲ್ಲ, ಅದರ ಬಳಗ. ಅಂದ್ರೆ ಹೆಸರಿನ ಲೆಕ್ಕದಲ್ಲಿ ನಮ್ಮ ಹಿನ್ನೀರಲ್ಲೂ ಒಂದು ಬ್ರೀಮ್ ಇದೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಸ್ಟ್ರೇಲಿಯಾದ ಬ್ರೀಮ್ ಬಹಳ ನಿಧಾನಕ್ಕೆ ಬೆಳೆಯುತ್ತೆ. ಗೇಣುದ್ದ ಆಗೋಕೆ ಸುಮಾರು 5 ವರ್ಷ ಬೇಕು. ಆದರೆ 20 ವರ್ಷ ದಾಟಿ ಬದುಕಬಲ್ಲದು. 1 ಕೆಜಿ ತೂಗುವ ಬ್ರೀಮ್ ಸಿಕ್ಕರೆ ಅಲ್ಲಿಯವರಿಗೆ ಅವತ್ತು ಹಬ್ಬ. ನಮ್ಮ ಕಾಟ್ಲಾ ಒಳ್ಳೇ ಹೊಂಡದಲ್ಲಿ ಒಂದೇ ವರ್ಷಕ್ಕೆ 1 ಕೆಜಿ ಆಗುತ್ತೆ. ಈ ಒಂದು ವ್ಯತ್ಯಾಸ ತಿಳಿದರೆ ಅಲ್ಲಿಯವರು ಮೀನನ್ನ ಯಾಕೆ ವಾಪಸ್ ಬಿಡ್ತಾರೆ ಅನ್ನೋದು ಅರ್ಧ ಅರ್ಥವಾಗುತ್ತೆ. ದೊಡ್ಡ ಬ್ರೀಮ್ ಒಂದನ್ನ ಕೊಂದರೆ, ಆ ಜಾಗಕ್ಕೆ ಅಷ್ಟು ದೊಡ್ಡದು ಮತ್ತೆ ಬರೋಕೆ ಹತ್ತಾರು ವರ್ಷ.

ಬೋಟಿನ ಪಂದ್ಯ ಹೇಗೆ ನಡೆಯುತ್ತೆ?

ಪಂದ್ಯಕ್ಕೆ ಮೊದಲಿನ ದಿನಗಳಲ್ಲಿ ಆಟಗಾರರು ಹೋಗಿ ನೀರು ನೋಡಿಕೊಂಡು ಬರ್ತಾರೆ. ಎಲ್ಲಿ ಕಂಬ ಇದೆ, ಎಲ್ಲಿ ಕಲ್ಲಿನ ಗೋಡೆ, ಎಲ್ಲಿ ಸಿಂಪಿ ಸಾಕುವ ಕಟ್ಟೆ, ಉಬ್ಬರ ಇಳಿತದ ಹೊತ್ತಿಗೆ ನೀರು ಯಾವ ಕಡೆ ಎಳೆಯುತ್ತೆ ಅಂತ. ಬ್ರೀಮ್ ಇಂಥ ಆಸರೆಗಳ ಹತ್ತಿರವೇ ಇರುತ್ತೆ. ಮುಂಚಿನ ಸಂಜೆ ನಿಯಮ ಓದಿ ಹೇಳ್ತಾರೆ. ಬೆಳಗ್ಗೆ ಸರದಿ ಪ್ರಕಾರ ಬೋಟುಗಳು ಹೊರಡ್ತವೆ.

ಸಾಮಾನ್ಯವಾಗಿ ಒಂದು ಬೋಟಿನಲ್ಲಿ ಇಬ್ಬರು. ಹುಳ, ಸಿಗಡಿ, ಹಿಟ್ಟು ಯಾವುದೂ ಇಲ್ಲ. ಪ್ಲಾಸ್ಟಿಕ್ ಅಥವಾ ಲೋಹದ ಕೃತಕ ಎರೆ ಮಾತ್ರ. ಒಬ್ಬರದು ಒಂದು ಹೊತ್ತಿಗೆ ಒಂದೇ ಗಾಳ ನೀರಲ್ಲಿರಬೇಕು. ಲೆಕ್ಕಕ್ಕೆ ಬರೋದು ಅತಿ ದೊಡ್ಡ 5 ಮೀನು. ಐದು ತುಂಬಿದ ಮೇಲೆ ಆರನೆಯದು ದೊಡ್ಡದು ಸಿಕ್ಕರೆ, ಇದ್ದುದರಲ್ಲಿ ಚಿಕ್ಕದನ್ನ ನೀರಿಗೆ ಬಿಟ್ಟು ಇದನ್ನ ಇಟ್ಟುಕೊಳ್ಳಬಹುದು. ಹಾಗಾಗಿ ಇಡೀ ದಿನ ಆಟ ಮುಗಿಯೋದೇ ಇಲ್ಲ. ಇನ್ನೂ 100 ಗ್ರಾಂ ಹೆಚ್ಚಿನದು ಸಿಗಬಹುದು ಅನ್ನೋ ಆಸೆ ಕೊನೇ ನಿಮಿಷದವರೆಗೂ ಇರುತ್ತೆ.

ಹಿಡಿದ ಮೀನು ಬೋಟಿನೊಳಗಿನ ಒಂದು ನೀರಿನ ತೊಟ್ಟಿಯಲ್ಲಿ ಇರುತ್ತೆ. ಸಣ್ಣ ಪಂಪು ಹೊರಗಿನ ನೀರು ಒಳಗೆ ತರ್ತಾ, ಗಾಳಿ ಬೆರೆಸ್ತಾ ಇರುತ್ತೆ. ವೇಳೆ ಮುಗಿಯೋ ಮೊದಲು ದಡಕ್ಕೆ ಬರಬೇಕು. ತಡವಾದರೆ ನಿಮಿಷದ ಲೆಕ್ಕದಲ್ಲಿ ಕಡಿತ, ಇನ್ನೂ ತಡವಾದರೆ ಪಂದ್ಯದಿಂದಲೇ ಔಟ್. ಆಮೇಲೆ ತೂಕ, ಫೋಟೊ, ಬಿಡುಗಡೆ.

ಕೊಕ್ಕೆ ಬಗ್ಗೆಯೂ ಒಂದು ಪಾಠ ಇದೆ. ಮೀನು ಕೊಕ್ಕೆಯನ್ನ ಆಳಕ್ಕೆ ನುಂಗಿಬಿಟ್ಟಿದ್ದರೆ ಎಳೆದು ಕೀಳಬಾರದು. ಬಾಯಿ ಹತ್ತಿರ ದಾರ ಕತ್ತರಿಸಿ ಬಿಟ್ಟರೆ ಮೀನು ಬದುಕೋ ಸಾಧ್ಯತೆ ಬಹಳ ಹೆಚ್ಚು ಅಂತ ಅಲ್ಲಿಯ ಬ್ರೀಮ್ ಮೇಲೆ ನಡೆದ ಅಧ್ಯಯನಗಳೇ ತೋರಿಸಿವೆ. ಒಣ ಕೈಯಲ್ಲಿ ಮೀನು ಮುಟ್ಟಬಾರದು. ಅದರ ಮೈಮೇಲಿನ ಲೋಳೆಯೇ ಅದಕ್ಕೆ ರೋಗ ತಡೆಯೋ ಹೊದಿಕೆ.

ಕಯಾಕ್ ಆದರೆ ಬೇರೆ ಲೆಕ್ಕ

ಬೋಟಿನ ಪಂದ್ಯದಲ್ಲಿ ದುಡ್ಡು ಮಾತಾಡುತ್ತೆ. ದೊಡ್ಡ ಎಂಜಿನ್ ಇದ್ದವರು ದೂರದ ಜಾಗಕ್ಕೆ ಬೇಗ ಮುಟ್ತಾರೆ. ಕಯಾಕ್‌ನಲ್ಲಿ ಹಾಗಿಲ್ಲ. ಕಾಲಲ್ಲಿ ಸೈಕಲ್ ತುಳಿದ ಹಾಗೆ ಪೆಡಲ್ ತುಳೀಬೇಕು, ಇಲ್ಲಾ ಕೈಯಲ್ಲಿ ಹುಟ್ಟು ಹಾಕಬೇಕು. ಎಷ್ಟು ದೂರ ಹೋಗ್ತೀಯೋ ಅಷ್ಟೇ ದೂರ, ಎದುರುಗಾಳಿ ಇದ್ದರೂ, ವಾಪಸ್ ಬರಲೇಬೇಕು. ಮೊದಲ ಸಲ ಆಡೋರು ಎಡವೋದು ಈ ಲೆಕ್ಕದಲ್ಲಿ. ಲೈಫ್ ಜಾಕೆಟ್ ಇಲ್ಲದೆ ಕಯಾಕ್ ನೀರಿಗೆ ಇಳಿಸೋಕೆ ಬಿಡಲ್ಲ. ಜಾಕೆಟ್ ಪಕ್ಕದಲ್ಲಿ ಇಟ್ಟುಕೊಂಡರೆ ನಡೆಯಲ್ಲ, ಮೈಮೇಲೆ ಇರಬೇಕು, ಪಟ್ಟಿ ಬಿಗಿದಿರಬೇಕು.

ಹಲವು ಕಡೆ ಕಯಾಕ್ ಪಂದ್ಯಗಳಲ್ಲಿ ತೂಕವೇ ಇಲ್ಲ, ಉದ್ದ ಅಳೀತಾರೆ. ಒದ್ದೆ ಮಾಡಿದ ಅಳತೆಪಟ್ಟಿಯ ಮೇಲೆ ಮೀನು ಮಲಗಿಸಿ, ಮೊಬೈಲಲ್ಲಿ ಫೋಟೊ ತೆಗೆದು, ಅಲ್ಲೇ ನೀರಿಗೆ ಬಿಡೋದು. ಹಳೇ ಫೋಟೊ ತೋರಿಸಿ ಮೋಸ ಮಾಡಬಾರದಲ್ಲ, ಅದಕ್ಕೆ ಅವತ್ತು ಬೆಳಗ್ಗೆ ಮಾತ್ರ ಕೊಡುವ ಒಂದು ಗುರುತಿನ ಚೀಟಿ ಆ ಫೋಟೊದಲ್ಲಿ ಕಾಣಬೇಕು. ಅಂದ್ರೆ ನಿಮ್ಮ ಕೈಯಲ್ಲಿರೋ ಫೋನೇ ತಕ್ಕಡಿ.

ಮೋಸ ಅಂದೆನಲ್ಲ, ನಿಮ್ಮಲ್ಲಿ ಕೆಲವರು ಆ ವಿಡಿಯೊ ನೋಡಿರಬಹುದು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಒಂದು ಪಂದ್ಯದಲ್ಲಿ ಗೆದ್ದವರ ಮೀನಿನ ಹೊಟ್ಟೆ ಕೊಯ್ದರೆ ಸೀಸದ ಗುಂಡುಗಳು ಸಿಕ್ಕವು. ಆ ಇಬ್ಬರು 2023ರಲ್ಲಿ ತಪ್ಪೊಪ್ಪಿಕೊಂಡರು. 10 ದಿನ ಜೈಲು, ಬೋಟೂ ಹೋಯ್ತು. ಬಹುಮಾನ ದೊಡ್ಡದಾದಷ್ಟೂ ಮೀನಿನ ಹೊಟ್ಟೆಯೊಳಗೆ ಏನೇನೋ ಸೇರುತ್ತೆ ಅನ್ನೋದು ಇದರ ಪಾಠ.

ನನ್ನ ಮೊದಲ ಪಂದ್ಯ

ಸಿಡ್ನಿಯ ದಕ್ಷಿಣಕ್ಕೆ ಜಾರ್ಜಸ್ ನದಿ ಅಂತ ಇದೆ. ಅಲ್ಲಿ ಒಂದು ಸಣ್ಣ ಕ್ಲಬ್ಬಿನ ಕಯಾಕ್ ಪಂದ್ಯ. ಅಲ್ಲಿ ಮೀನು ಎಣಿಸೋದು 3, ಅಳತೆ ಇಲ್ಲ, ತೂಕ. ನಾನು ಬಾಡಿಗೆ ಕಯಾಕ್ ತಗೊಂಡಿದ್ದೆ, ತೊಟ್ಟಿ ಬದಲಿಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಬ್ಯಾಟರಿ ಪಂಪು.

ಹತ್ತು ಗಂಟೆಯ ಹೊತ್ತಿಗೆ ನನಗೆ ಎರಡು ಬ್ರೀಮ್ ಸಿಕ್ಕವು. ಹನ್ನೊಂದಕ್ಕೆ ಮೂರನೆಯದು, ಚಲೋ ದೊಡ್ಡದು. ಒಳಗೊಳಗೇ ಕುಣಿದೆ. ಆಮೇಲೆ ಏನಾಯ್ತು ಅಂದ್ರೆ, ಬ್ಯಾಟರಿ ಕಮ್ಮಿ ಇದೆ ಅನ್ನಿಸಿ ಪಂಪು ಬಂದ್ ಮಾಡಿದೆ. ಹತ್ತು ನಿಮಿಷ ಅಂದುಕೊಂಡೆ. ಗಾಳ ಹಾಕೋ ಗುಂಗಿನಲ್ಲಿ ಮುಕ್ಕಾಲು ತಾಸು ಮರೆತೆ. ಮುಚ್ಚಳ ತೆಗೆದಾಗ ದೊಡ್ಡ ಮೀನು ಮಗ್ಗುಲಾಗಿ ತೇಲ್ತಿತ್ತು.

ತೂಕದ ಹತ್ತಿರ ಒಬ್ಬ ಅಜ್ಜ ಇದ್ದರು. ಬೈಯ್ಯಲಿಲ್ಲ. ಆ ಮೀನನ್ನ ಕೈಯಲ್ಲಿ ಹಿಡಿದು, ಇದಕ್ಕೆ ಹದಿನೈದು ವರ್ಷ ಆಗಿರಬಹುದು ಅಂತಷ್ಟೇ ಅಂದರು. ನಾನು ಪಟ್ಟಿಯ ಕೆಳಗಿನಿಂದ ಎರಡನೆಯವನಾದೆ. ಅದು ಬೇಜಾರಾಗಲಿಲ್ಲ. ಬೇಜಾರಾಗಿದ್ದು ಆ ಹದಿನೈದು ವರ್ಷ ಅನ್ನೋ ಮಾತಿಗೆ.

ಅಲ್ಲಿಯ ಇನ್ನೊಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹವ್ಯಾಸಕ್ಕೆ ಮೀನು ಹಿಡಿಯೋ ದೊಡ್ಡವರು ಸರಕಾರಕ್ಕೆ ಒಂದು ಶುಲ್ಕ ಕಟ್ಟಬೇಕು. ಬ್ರೀಮ್ 25 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಮನೆಗೆ ಒಯ್ಯುವಂತಿಲ್ಲ. ಕಟ್ಟಿದ ಶುಲ್ಕ ಒಂದು ಪ್ರತ್ಯೇಕ ನಿಧಿಗೆ ಹೋಗಿ, ಮರಿ ಬಿತ್ತನೆ, ಸಂಶೋಧನೆ ಇಂಥದಕ್ಕೆ ಖರ್ಚಾಗುತ್ತೆ. ನೀರಿನಿಂದ ಖುಷಿ ಪಡೆದವನು ನೀರಿಗೆ ಏನಾದರೂ ವಾಪಸ್ ಕೊಡ್ತಾನೆ.

ನಮ್ಮಲ್ಲಿ ಇದೇನೂ ಹೊಸದಲ್ಲ

ಹಿಡಿದು ಬಿಡೋ ಆಟ ಕರ್ನಾಟಕಕ್ಕೆ ಗೊತ್ತಿಲ್ಲದ್ದೇನಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದ್ರೆ ಸುಮಾರು 54 ಕೆಜಿಯ ಮಹಶೀರ್ ಹಿಡಿದಿದ್ದರು. ಆ ಕಾಲದಲ್ಲಿ ಹಿಡಿದದ್ದು ಮತ್ತೆ ನೀರಿಗೆ ಹೋಗ್ತಿರಲಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಮುಂದೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ಹರಿಗೋಲಿನಲ್ಲಿ ಕೂತು ಮಹಶೀರ್ ಹಿಡಿದು, ತೂಗಿ, ಬಿಡುವ ಪದ್ಧತಿ ಬಂತು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ತಿದ್ದ ಊರವರಲ್ಲೇ ಕೆಲವರು ಅಲ್ಲಿ ಮಾರ್ಗದರ್ಶಕರಾದರು, ಕಾವಲುಗಾರರಾದರು. ವನ್ಯಧಾಮದೊಳಗಿನ ಆ ಗಾಳದ ಆಟ ಆಮೇಲೆ ನಿಂತಿತು. ಕಾವೇರಿಯ ಆ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಮಲೆನಾಡಿನ ಕೆರೆಬೇಟೆ ನಿಮಗೆ ಗೊತ್ತು. 2024ರಲ್ಲಿ ಅದೇ ಹೆಸರಿನ ಸಿನಿಮಾನೂ ಬಂತು. ಬೇಸಿಗೆಯಲ್ಲಿ ನೀರು ಇಳಿದ ಕೆರೆಗೆ ಇಡೀ ಊರು ಒಂದೇ ಸಲಕ್ಕೆ ಕೂಣಿ ಹಿಡಿದು ಇಳಿಯೋದು. ಅದಕ್ಕೂ ದಿನ ಇದೆ, ವೇಳೆ ಇದೆ, ನಿಯಮ ಇದೆ. ಅಲ್ಲಿ ಮೀನು ಬಿಡಲ್ಲ, ಊರು ಉಣ್ಣುತ್ತೆ. ಅಂದ್ರೆ ಪಂದ್ಯ ಯಾವ ರೂಪದ್ದಿರಬೇಕು ಅನ್ನೋದನ್ನ ಆ ನೀರು, ಆ ಮೀನು, ಆ ಜನ ಮೂರೂ ಸೇರಿ ಹೇಳಬೇಕು.

ಹಾಗಾದರೆ ನಮ್ಮ ನೀರು ಏನು ಹೇಳುತ್ತೆ?

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ, ಈಗ ನಿಡಗುಂದಿ ತಾಲ್ಲೂಕಿನಲ್ಲಿರೋ ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಅವರ ಹೆಸರೇ ಜಲಾಶಯಕ್ಕಿದೆ. ತುಂಬಿದರೆ 519.60 ಮೀಟರ್, ಸುಮಾರು 123 ಟಿಎಂಸಿ. ಅದರ ಕೆಳಗೆ ನಾರಾಯಣಪುರದ ಬಸವಸಾಗರ, 492.25 ಮೀಟರ್. ಅದರ ಹಿನ್ನೀರು ಮುದ್ದೇಬಿಹಾಳ ತಾಲ್ಲೂಕಿನ ದಂಡೆಗೂ, ಆಚೆ ಕೂಡಲಸಂಗಮಕ್ಕೂ ಮುಟ್ಟುತ್ತೆ. ಇಂಡಿ, ಸಿಂದಗಿ ಕಡೆಯವರಿಗೆ ಭೀಮಾ ನದಿ. ಬೇಸಿಗೆಯಲ್ಲಿ ಭೀಮೆ ಅಲ್ಲಲ್ಲಿ ಮಡುವಾಗಿ ಉಳೀತಾಳೆ, ಆಗ ಅಲ್ಲಿ ಪಂದ್ಯದ ಮಾತು ಬೇಡ.

ನಮ್ಮ ಹಿನ್ನೀರಿನ ಕೆಳಗೆ ಊರುಗಳಿವೆ. ಮನೆಯ ಗೋಡೆ, ಬಾವಿ, ಹೊಲದ ಒಡ್ಡು, ಜಾಲಿ ಮರ. ಸಿಡ್ನಿಯ ಬ್ರೀಮ್ ಕಂಬಗಳ ಹತ್ತಿರ ಇದ್ದ ಹಾಗೆ ಇಲ್ಲಿಯ ಮೀನೂ ಅಂಥ ಆಸರೆ ಹುಡುಕಿ ನಿಲ್ಲುತ್ತೆ. ಅದನ್ನ ಹುಡುಕೋಕೆ ಹುಡುಗರು ಮೀನು ತೋರಿಸೋ ಸೋನಾರ್ ಯಂತ್ರದ ಬೆಲೆ ನೋಡ್ತಿದ್ದರು. ಕಾಕಾ ತೆಪ್ಪದಲ್ಲಿ ನಿಂತು ಕೈ ತೋರಿಸಿದರು: “ಅಲ್ಲಿ ನಮ್ಮ ಊರ ಅಗಸಿ ಇತ್ತು. ಅದರ ಬಾಜೂಕ ಸಿಹಿನೀರ ಬಾವಿ. ಅಲ್ಲಿ ಬಲಿ ಬಿಟ್ರ ಹರಿತೈತಿ, ಆದ್ರ ಮೀನ ಅಲ್ಲೇ ಇರ್ತಾವ.” ಮುಳುಗಿದ ಊರಿನ ನಕ್ಷೆ ಅವರ ತಲೆಯಲ್ಲಿದೆ. ಅವರಿಗೆ ಅದು ಮೀನಿನ ಜಾಗ ಮಾತ್ರ ಅಲ್ಲ, ಹುಟ್ಟಿದ ಮನೆ.

ಮೀನಿನ ವಿಷಯಕ್ಕೆ ಬಂದರೆ, ಕಾಟ್ಲಾ, ರೋಹು, ಮೃಗಾಲ್ ಇವು ಮಳೆಗಾಲದ ಹರಿಯೋ ನೀರಿನಲ್ಲಿ ಮೊಟ್ಟೆ ಇಡುವಂಥವು. ನಿಂತ ನೀರಲ್ಲಿ ಅವುಗಳ ಸಂತಾನ ಸರಿಯಾಗಿ ಆಗಲ್ಲ, ಅದಕ್ಕೇ ಜಲಾಶಯಗಳಿಗೆ ಮರಿ ತಂದು ಬಿಡ್ತಾರೆ. ಜಿಲೇಬಿ ಹಾಗಲ್ಲ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿ ಮೊಟ್ಟೆಗಳನ್ನ ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತೆ, ವರ್ಷಕ್ಕೆ ಹಲವು ಸಲ. ಯಾವ ನೀರಿಗೆ ಬಿಟ್ಟರೂ ಊರು ಕಟ್ಟಿಕೊಳ್ಳುತ್ತೆ, ಬೇರೆ ಮೀನಿನ ಜಾಗ ಹಿಡಿಯುತ್ತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ತಿಲಾಪಿಯಾ ಸಿಕ್ಕರೆ ಜೀವಂತ ವಾಪಸ್ ಬಿಡೋದೇ ಕಾನೂನು ಪ್ರಕಾರ ತಪ್ಪು.

ಈಗ ಗೊತ್ತಾಯ್ತಲ್ಲ? ಅವರ ಬ್ರೀಮ್‌ನ ನಿಯಮವನ್ನ ಇಲ್ಲಿ ಕಣ್ಣುಮುಚ್ಚಿ ತಂದರೆ ಕೆಲಸ ಕೆಡುತ್ತೆ. ಇಲ್ಲಿ ಬಿಡಬೇಕಾದ್ದು ನದಿಯ ಮೂಲ ಮೀನು, ಮತ್ತೆ ಮೀನುಗಾರರ ಪಾಲಿನ ಬಿತ್ತನೆ ಮೀನು. ಇಟ್ಟುಕೊಳ್ಳಬಹುದಾದ್ದು ಜಿಲೇಬಿ.

ಇನ್ನೊಂದು ವಿಷಯ ಬಿಸಿಲು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. 20 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ. ವಿಜಯಪುರದ ಬೇಸಿಗೆ ಹೇಳೋದೇ ಬೇಡ. ಸಿಡ್ನಿಯಲ್ಲೇ ನನ್ನ ಪೆಟ್ಟಿಗೆಯಲ್ಲಿ ಮೀನು ಸತ್ತಿತ್ತು, ಇಲ್ಲಿ ತೊಟ್ಟಿಯಲ್ಲಿಟ್ಟು ಸಂಜೆ ತೂಗೋ ಪಂದ್ಯ ಅಂದ್ರೆ ಹೆಣ ತೂಗೋ ಪಂದ್ಯ. ನಮಗೆ ಒಗ್ಗೋದು ಅಳತೆಪಟ್ಟಿ, ಫೋಟೊ, ತಕ್ಷಣ ಬಿಡುಗಡೆ. ಅದೂ ನವೆಂಬರಿನಿಂದ ಜನವರಿವರೆಗೆ.

ಆ ಸಂಜೆ

ಈಗ ಆ ಘಟನೆ. ಅಕ್ಟೋಬರ್, ಚಿತ್ತಿ ಮಳೆಯ ದಿನಗಳು. ಪಂದ್ಯಕ್ಕೆ ಜಾಗ ನೋಡೋಣ ಅಂತ ನಾವು ಮೂವರು ಒಂದು ತೆಪ್ಪ ಕೇಳಿ ತಗೊಂಡು ಹಿನ್ನೀರಿಗೆ ಹೋದೆವು. ಮೂವರಲ್ಲಿ ಒಬ್ಬನಿಗೆ ಈಜು ಬರಲ್ಲ. ಲೈಫ್ ಜಾಕೆಟ್ ಒಂದೂ ಇರಲಿಲ್ಲ. ಸಿಡ್ನಿಯಲ್ಲಿ ಮೊಣಕಾಲುದ್ದ ನೀರಿಗೂ ಜಾಕೆಟ್ ಹಾಕ್ತಿದ್ದ ನಾನು, ಊರಿಗೆ ಬಂದ ಮೇಲೆ ಅದನ್ನ ನೆನೆಸಿಕೊಳ್ಳಲೂ ಇಲ್ಲ. ನಮ್ಮೂರ ನೀರು ಅಲ್ಲವೇ, ಏನಾಗುತ್ತೆ ಅನ್ನೋ ಧೈರ್ಯ.

ನಾಲ್ಕೂವರೆಗೆ ಪಡುವಣದಲ್ಲಿ ಮೋಡ ಕಟ್ಟಿತು. ಐದು ನಿಮಿಷದಲ್ಲಿ ಗಾಳಿ. ಹಿನ್ನೀರು ದೊಡ್ಡದಿದ್ದಷ್ಟೂ ಗಾಳಿಗೆ ತಡೆ ಇಲ್ಲ, ತೆರೆ ಎದ್ದು ಬರುತ್ತೆ. ತೆಪ್ಪಕ್ಕೆ ಮುಂದು ಹಿಂದು ಅಂತ ಇಲ್ಲ, ಗರಗರ ತಿರುಗೋಕೆ ಶುರುವಾಯ್ತು. ಒಂದು ತೆರೆ ಒಳಗೆ ಬಿತ್ತು. ಈಜು ಬಾರದವನು ಹೆದರಿ ಎದ್ದು ನಿಂತ. ತೆಪ್ಪ ಒಂದು ಕಡೆ ವಾಲಿತು.

ದೂರದಿಂದ ಕಾಕಾನ ದನಿ: “ಕುಂದ್ರೋ! ಎಲ್ಲಾರೂ ನಡಬರಕ ಕುಂದ್ರೀ! ಹುಟ್ಟ ಬಿಡಬ್ಯಾಡ!” ಅವರು ಬಲೆ ಬಿಟ್ಟು, ತಮ್ಮ ತೆಪ್ಪ ನಮ್ಮ ಕಡೆ ತಿರುಗಿಸಿ ಬಂದರು. ಹಗ್ಗ ಒಗೆದರು. ದಂಡೆ ಮುಟ್ಟೋಕೆ ಅರ್ಧ ತಾಸು ಹಿಡೀತು. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ.

ದಂಡೆಯಲ್ಲಿ ಕಾಕಾ ಅಂಗಿ ಹಿಂಡ್ತಾ ಒಂದೇ ಮಾತು ಅಂದರು: “ಮೀನ ಜೀವಂತ ಇರಬೇಕಂತಿ. ನೀ ಜೀವಂತ ಇರೂದು ಬ್ಯಾಡೇನು?”

ಅವತ್ತು ಅವರು ಬಿಟ್ಟು ಬಂದ ಬಲೆ ಮಾರನೇ ದಿನ ಹರಿದು ಸಿಕ್ಕಿತು.

ನಾನು ಬರೆದ ನಿಯಮಗಳು

ಆಮೇಲೆ ಹುಡುಗರಿಗೆ ಬರೆದು ಕಳಿಸಿದ್ದು ಇಷ್ಟು. ನೀವೂ ನಿಮ್ಮ ಊರಲ್ಲಿ ಇಂಥದ್ದು ಮಾಡೋ ಯೋಚನೆಯಲ್ಲಿದ್ದರೆ ಕೇಳಿಸಿಕೊಳ್ಳಿ.

ಒಂದು, ಜಾಕೆಟ್ ಇಲ್ಲ ಅಂದ್ರೆ ಪಂದ್ಯ ಇಲ್ಲ. ಮೈಮೇಲೆ, ಪಟ್ಟಿ ಬಿಗಿದು, ಕೊರಳಿಗೆ ಒಂದು ಸೀಟಿ. ಈಜು ಬರೋರಿಗೂ ಇದೇ ನಿಯಮ. ಗಾಳಿ ಎದ್ದರೆ ಪಂದ್ಯ ಅಲ್ಲೇ ನಿಲ್ಲಬೇಕು, ಯಾರ ಮೀನು ಎಷ್ಟೇ ದೊಡ್ಡದಿರಲಿ. ಪೇಪರಿನಲ್ಲಿ ಬರೋ ಒಳಹರಿವು, ಹೊರಹರಿವಿನ ಅಂಕಿ ನೋಡದೆ ಅಣೆಕಟ್ಟಿನ ಕೆಳಗಿನ ನದಿಗೆ ಇಳಿಯೋ ಹಾಗಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಕಾಲು ಇಳಿಬಿಟ್ಟು ಕೂರೋ ಸಣ್ಣ ಗಾಳಿ ಟ್ಯೂಬು ಬೇಡವೇ ಬೇಡ.

ಎರಡು, ಈ ನೀರಿಗೆ ಈಗಾಗಲೇ ಹಕ್ಕುದಾರರಿದ್ದಾರೆ. ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಮೀನು ಹಿಡಿಯೋಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದವರಿದ್ದಾರೆ, ಅವರ ಸಹಕಾರ ಸಂಘಗಳಿವೆ. ಮೂವರನ್ನೂ ಕೇಳದೆ ಒಂದು ಬ್ಯಾನರ್ ಕೂಡ ಕಟ್ಟಬಾರದು. ಅಣೆಕಟ್ಟಿನ ಹತ್ತಿರದ ನಿಷೇಧಿತ ಜಾಗಕ್ಕೆ ಹೋಗಬಾರದು. ಬಲೆ ಬಿಟ್ಟ ಕಡೆ ಗಾಳ ಹಾಕಬಾರದು. ಒಂದು ಕೊಕ್ಕೆ ಸಿಕ್ಕಿಕೊಂಡರೆ ಒಬ್ಬರ ಒಂದು ವಾರದ ಬದುಕು ಹರಿಯುತ್ತೆ.

ಮೂರು, ಪ್ರವೇಶ ಶುಲ್ಕದ ದೊಡ್ಡ ಪಾಲು ಮೀನುಗಾರರ ಸಂಘಕ್ಕೆ, ಮರಿ ಬಿತ್ತನೆಗೆ. ತೆಪ್ಪ ನಡೆಸೋಕೆ ಅವರನ್ನೇ ಕರೆದು ದಿನದ ಪಗಾರ ಕೊಡಬೇಕು. ನೀರು ಗೊತ್ತಿರೋರು ಅವರು. 12ನೇ ಶತಮಾನದಲ್ಲೇ ಅಂಬಿಗರ ಚೌಡಯ್ಯನಂಥ ದೋಣಿ ನಡೆಸೋ ಶರಣನನ್ನ ಕಂಡ ನಾಡು ನಮ್ಮದು. ಹುಟ್ಟು ಹಿಡಿದವರ ಮಾತು ಕೇಳೋಕೆ ನಾಚಿಕೆ ಯಾಕೆ?

ನಾಲ್ಕು, ಅಂಕ ಜಿಲೇಬಿಗೆ ಮಾತ್ರ. ಅಳತೆಪಟ್ಟಿ, ಅವತ್ತಿನ ಚೀಟಿ, ಫೋಟೊ. ಆಮೇಲೆ ಆ ಮೀನು ಅಡುಗೆಗೆ, ಇಲ್ಲಾ ಸಂಘದ ಮಾರಾಟಕ್ಕೆ. ಬೇರೆ ಯಾವ ಮೀನು ಸಿಕ್ಕರೂ ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ತೆಗೆದು, ಸೀದಾ ನೀರಿಗೆ. ಸಿಡಿಮದ್ದು, ವಿಷ ಹಾಕೋದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಅಂಥವರನ್ನ ಕಂಡರೆ ವಿಡಿಯೊ ಮಾಡಿ ಸ್ಟೇಟಸ್ ಹಾಕೋದಲ್ಲ, ಇಲಾಖೆಗೆ ತಿಳಿಸಬೇಕು.

ಐದು, ಬಹುಮಾನ ಸಣ್ಣದಿರಲಿ. ಸೀಸದ ಗುಂಡಿನ ಕಥೆ ನೆನಪಿದೆಯಲ್ಲ. ಒಂದು ಒಳ್ಳೇ ಜಾಕೆಟ್ ಬಹುಮಾನ ಕೊಟ್ಟರೂ ಸಾಕು.

ಈ ಪಟ್ಟಿ ನೋಡಿ ಗುಂಪಿನಲ್ಲಿ ಇಬ್ಬರು, “ಇಷ್ಟೆಲ್ಲಾ ಮಾಡ್ಕೋತ ಕುಂತ್ರ ಪಂದ್ಯ ಯಾವಾಗ್ರೀ ಅಣ್ಣಾ?” ಅಂತ ಬರೆದರು. ದಿನಾಂಕ ಇನ್ನೂ ಗೊತ್ತು ಮಾಡಿಲ್ಲ. ಅನುಮತಿಯ ಅರ್ಜಿ ಬರೆಯೋದಿದೆ. ಸದ್ಯ ನಮ್ಮ ಹತ್ತಿರ ಇರೋ ಜಾಕೆಟ್ ನಾಲ್ಕು. ಅದರಲ್ಲಿ ಮೊದಲನೆಯದನ್ನ ಕಾಕಾನಿಗೆ ಕೊಟ್ಟೆವು, ಹೊಸ ಬಲೆ ಜೊತೆ. ಬಲೆ ತಗೊಂಡರು. ಜಾಕೆಟ್ ನೋಡಿ, “ಇದನ್ನ ಹಾಕ್ಕೊಂಡ್ರ ಬಲಿ ಹೆಂಗ ಬೀಸೂದು?” ಅಂತ ನಕ್ಕರು. ಈಗ ತೆಪ್ಪದಲ್ಲಿ ಅದರ ಮೇಲೆ ಕೂರ್ತಾರಂತೆ. ಅದನ್ನ ಮೈಮೇಲೆ ಹಾಕಿಸೋದು ನಮ್ಮ ಮುಂದಿನ ಪಂದ್ಯ.

ಅವರ ಮೊದಲ ಪ್ರಶ್ನೆಗೆ ಉತ್ತರ ಕೊಡೋಕೆ ಮತ್ತೆ ಹೋಗಿದ್ದೆ. “ಕಾಕಾ, ಹಿಡಿದು ಬಿಟ್ರ, ಆ ನೀರಾಗ ಏನೈತಿ ಅಂತ ಗೊತ್ತಾಗ್ತದ. ಗೊತ್ತಾದ ಮ್ಯಾಲ ಅದನ್ನ ಉಳಿಸಬೇಕು ಅನ್ನಸ್ತದ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗ ಹಿಡಿದು ತಿಂದ್ರೂ ಅನ್ನಸ್ತದೋ ತಮ್ಮಾ. ನಾಳೆ ಮತ್ತ ಬರಬೇಕಲ್ಲ ನಾವು” ಅಂದರು.

ಆ ಮಾತಿಗೆ ಎದುರು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಅದಕ್ಕೇ ನಿಯಮದ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದ್ದೀವಿ: ಪಂದ್ಯದ ತೀರ್ಪುಗಾರರಲ್ಲಿ ಅರ್ಧ ಜನ ಮೀನುಗಾರರೇ ಇರಬೇಕು.

ನಿಮ್ಮ ಕಡೆಯ ನೀರಲ್ಲಿ ಏನು ಮೀನು, ಏನು ಹೆಸರು, ಯಾರು ಹಿಡೀತಾರೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನೀರಿಗೆ ಹೋಗೋರು ಹುಷಾರು.